ಹಿಕ್ಕೆ ಎಣಿಸುವ ರಾತ್ರಿ

ಗರ್ಭಕೋಶ ತೆಗೆಸಿಕೊಂಡು ಸಂಜೆ ಮನೆಗೆ ಬಂದ ಹೆಣ್ಣು ಮೊಲವೊಂದು ಅಡುಗೆಮನೆಯ ಮೂಲೆಯಲ್ಲಿ, ಹಳೆಯ ಟವೆಲ್ ಮೇಲೆ ಮುದುಡಿ ಕೂತಿದೆ. ಮುಂದೆ ಒಣಹುಲ್ಲು, ಕೊತ್ತಂಬರಿ ಸೊಪ್ಪು, ಬಟ್ಟಲಲ್ಲಿ ನೀರು. ಯಾವುದನ್ನೂ ಅದು ಮೂಸಿ ನೋಡಿಲ್ಲ. ಮನೆಯವರು ಹೊಲಿಗೆ ಹಾಕಿದ ಜಾಗವನ್ನು ಒಮ್ಮೆ ನೋಡಿದರೆ ಟ್ರೇಯನ್ನು ಹತ್ತು ಸಲ ನೋಡುತ್ತಾರೆ. ಆರೋಗ್ಯವಾಗಿರುವ ಮೊಲ ದಿನಕ್ಕೆ ನೂರಾರು ಹಿಕ್ಕೆ ಹಾಕುತ್ತದೆ. ಕಡಲೆಕಾಳಿನಷ್ಟು ದಪ್ಪ, ದುಂಡಗೆ, ಬೆರಳಲ್ಲಿ ಒಡೆದರೆ ಒಳಗೆ ಹುಲ್ಲಿನ ನಾರು. ರಾತ್ರಿ ಹನ್ನೊಂದಾದರೂ ಟ್ರೇಯಲ್ಲಿ ಒಂದೂ ಇಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದ ಚುಚ್ಚುಮದ್ದಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಸಿಗುವುದು ಬ್ಯುಪ್ರೆನಾರ್ಫಿನ್: ಅಫೀಮಿನ ಕುಲಕ್ಕೆ ಸೇರಿದ ಪ್ರಬಲ ನೋವು ನಿವಾರಕ, ಕರುಳಿನ ಚಲನೆಯನ್ನು ನಿಧಾನಿಸಬಲ್ಲದು. ನಾಳೆ ಹೋಗಿ ಇನ್ನೊಂದು ಡೋಸ್ ಹಾಕಿಸುವುದೋ ಬೇಡವೋ ಎಂಬ ಪ್ರಶ್ನೆ ಅಲ್ಲಿಗೆ ಎದ್ದು ನಿಲ್ಲುತ್ತದೆ.

ಮೊಲ ಸಾಕಿದವರಲ್ಲಿ ಬಹಳ ಜನ ಬೇಡ ಎನ್ನುತ್ತಾರೆ. ಹಲವು ವೈದ್ಯರೂ ಬಹುಕಾಲ ಹಾಗೆಯೇ ಯೋಚಿಸಿದರು. ಆ ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಭಯಪಟ್ಟು ಔಷಧ ನಿಲ್ಲಿಸಿದಾಗ ಮೊಲ ಎಷ್ಟೋ ಸಲ ಹೆಚ್ಚು ದೊಡ್ಡ ಅಪಾಯಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗುವುದು ಏಕೆಂದು ತಿಳಿಯಬೇಕಾದರೆ ಮೊದಲು ಮೊಲದ ಹೊಟ್ಟೆಯೊಳಗೆ ಇಣುಕಬೇಕು.

ಮೊಲದ ಜಠರ ಎಂದೂ ಪೂರ್ತಿ ಖಾಲಿಯಾಗುವುದಿಲ್ಲ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ತಿಂದ ಹುಲ್ಲು ದೊಡ್ಡ ಕರುಳಿನ ಆರಂಭಕ್ಕೆ ಬಂದಾಗ ಅಲ್ಲಿ ಒಂದು ಜರಡಿ ಆಡಿದಂತೆ ಕೆಲಸ ನಡೆಯುತ್ತದೆ. ಒರಟು ನಾರು ಬೇರೆಯಾಗಿ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣ್ಣಗಿನ ಭಾಗ ಹಿಂದಕ್ಕೆ ತಳ್ಳಲ್ಪಟ್ಟು ಅಂಧಾಂತ್ರ ಎಂಬ ದೊಡ್ಡ ಚೀಲ ಸೇರುತ್ತದೆ. ಆ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ. ಹುದುಗಿದ ಆ ಮೆತ್ತನೆಯ ಗೊಂಚಲು ಹಿಕ್ಕೆಯನ್ನು ಮೊಲ ನೆಲಕ್ಕೆ ಬೀಳಲೂ ಬಿಡದೆ ಬಾಯಿಹಾಕಿ ನುಂಗುತ್ತದೆ. ಬಿ ಗುಂಪಿನ ವಿಟಮಿನ್ನುಗಳೂ ಒಂದಿಷ್ಟು ಪ್ರೋಟೀನೂ ಅದಕ್ಕೆ ದಕ್ಕುವುದು ಹೀಗೆ. ಹಸುವಿಗೆ ಮೆಲುಕು ಇರುವಂತೆ ಮೊಲಕ್ಕೆ ಇದು. ಇಡೀ ಏರ್ಪಾಡು ನಿಂತಿರುವುದು ಒಂದೇ ಷರತ್ತಿನ ಮೇಲೆ: ಕರುಳು ಸದಾ ಅಲುಗುತ್ತಿರಬೇಕು.

ಅಲುಗಾಟ ನಿಂತರೆ ಕೆಡುಕು ಸಾಲಾಗಿ ಬರುತ್ತದೆ. ಜಠರದಲ್ಲಿರುವ ಹುಲ್ಲು ನೀರಿನಂಶ ಕಳೆದುಕೊಂಡು ಗಟ್ಟಿಯಾಗುತ್ತದೆ. ಅಂಧಾಂತ್ರದ ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟು ಗಾಳಿ ತುಂಬುತ್ತದೆ. ಹೊಟ್ಟೆ ಉಬ್ಬಿ ನೋವಾಗುತ್ತದೆ, ನೋವಿಗೆ ಮೊಲ ಇನ್ನಷ್ಟು ಊಟ ಬಿಡುತ್ತದೆ. ಮೈ ಶಕ್ತಿಗಾಗಿ ಕೊಬ್ಬನ್ನು ಕರಗಿಸಿಕೊಳ್ಳತೊಡಗುತ್ತದೆ. ಆ ಕೊಬ್ಬು ಯಕೃತ್ತಿನಲ್ಲಿ ಕೂತು ಅದನ್ನು ಕೆಡಿಸುತ್ತದೆ. ದಪ್ಪ ಮೊಲಗಳಲ್ಲಿ ಇದು ಇನ್ನೂ ಬೇಗ. ಹನ್ನೆರಡು ಗಂಟೆ ಏನೂ ತಿನ್ನದ ಮೊಲವನ್ನು ತುರ್ತು ರೋಗಿ ಎಂದೇ ಎಣಿಸಬೇಕು ಎಂದು ಪಶುವೈದ್ಯರು ಹೇಳುವುದು ಇದಕ್ಕೇ.

ಅಂಥ ಹೊಟ್ಟೆಗೆ ಅಫೀಮಿನ ಕುಲದ ಔಷಧ ಹೋದಾಗ ಏನಾಗುತ್ತದೆ? ಆ ಔಷಧಗಳು ಅಂಟಿಕೊಳ್ಳುವ ಗ್ರಾಹಕಗಳು ಮಿದುಳಿನಲ್ಲಿ ಇರುವಂತೆ ಕರುಳಿನ ಗೋಡೆಯ ನರಜಾಲದಲ್ಲೂ ಇವೆ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಅಂಟಿಕೊಂಡರೆ ನೋವು ತಗ್ಗುತ್ತದೆ. ಕರುಳಿನಲ್ಲಿ ಅಂಟಿಕೊಂಡರೆ ಆಹಾರವನ್ನು ಮುಂದೊತ್ತುವ ಅಲೆಗಳು ತಗ್ಗುತ್ತವೆ. ಔಷಧಿ ಅಂಗಡಿಯಲ್ಲಿ ಭೇದಿಗೆಂದು ಕೊಳ್ಳುವ ಲೋಪೆರಮೈಡ್ ಕೂಡ ಇದೇ ಕುಲದ್ದು. ಅದು ಮಿದುಳಿಗೆ ಹೆಚ್ಚು ದಾಟದೆ ಕರುಳನ್ನಷ್ಟೇ ನಿಧಾನಿಸುತ್ತದೆ. ಭೇದಿಯಾದ ಮನುಷ್ಯನಿಗೆ ಯಾವ ಪರಿಣಾಮ ಬೇಕೋ ಮೊಲಕ್ಕೆ ಅದೇ ಬೇಡವಾದದ್ದು.

ಇದು ಊಹೆಯಲ್ಲ. ನೋವೇ ಇಲ್ಲದ, ಆರೋಗ್ಯವಂತ ಪ್ರಯೋಗಾಲಯದ ಮೊಲಗಳಿಗೆ ಬ್ಯುಪ್ರೆನಾರ್ಫಿನ್ ಕೊಟ್ಟು ನೋಡಿದಾಗ ಅವು ತಿನ್ನುವುದು ಕಡಿಮೆಯಾಯಿತು, ಹಿಕ್ಕೆಯೂ ಕಡಿಮೆಯಾಯಿತು. ಔಷಧಕ್ಕೆ ತೂಕಡಿಕೆ ತರುವ ಗುಣವೂ ಉಂಟು. ಡೋಸ್ ಏರಿದರೆ, ಅದರಲ್ಲೂ ಅರಿವಳಿಕೆಯ ಜೊತೆ ಸೇರಿದರೆ, ಉಸಿರಾಟ ಮಂದವಾಗುತ್ತದೆ. ಈ ಮೂರನ್ನೂ ಯಾವ ಪ್ರಾಮಾಣಿಕ ವೈದ್ಯರೂ ಅಲ್ಲಗಳೆಯುವುದಿಲ್ಲ.

ಆದರೆ ಆ ಪ್ರಯೋಗದ ಮೊಲಗಳಿಗೆ ನೋವಿರಲಿಲ್ಲ ಎಂಬುದನ್ನು ಮತ್ತೊಮ್ಮೆ ಓದಿಕೊಳ್ಳಬೇಕು. ವಾದವೆಲ್ಲ ತಿರುಗುವುದು ಈ ಒಂದು ಗೂಟದ ಸುತ್ತ. ಹೊಟ್ಟೆ ಕೊಯ್ಸಿಕೊಂಡ, ಹಲ್ಲಿನ ಬೇರು ಕೊಳೆತ, ಕಾಲು ಮುರಿದ ಮೊಲದ ಕರುಳನ್ನು ಔಷಧಕ್ಕಿಂತ ಮೊದಲೇ ನಿಲ್ಲಿಸುವ ಶಕ್ತಿಯೊಂದು ಅದರ ಮೈಯಲ್ಲೇ ಇದೆ. ನೋವು, ಹೆದರಿಕೆ ಬಂದಾಗ ಮೈ ಓಡಲು ಸಜ್ಜಾಗುತ್ತದೆ: ಎದೆ ಬಡಿತ ಏರುತ್ತದೆ, ರಕ್ತ ಸ್ನಾಯುಗಳತ್ತ ಹರಿಯುತ್ತದೆ, ಜೀರ್ಣಕ್ರಿಯೆಯನ್ನು ಮೈ ಆಮೇಲೆ ನೋಡಿಕೊಳ್ಳೋಣ ಎಂದು ಬದಿಗಿಡುತ್ತದೆ. ನರಿಯ ಕಣ್ಣಿಗೆ ಬಿದ್ದ ಮೊಲಕ್ಕೆ ಅದು ಐದು ನಿಮಿಷದ ಏರ್ಪಾಡು. ಹೊಲಿಗೆ ಹಾಕಿಸಿಕೊಂಡ ಮೊಲಕ್ಕೆ ಅದೇ ಸ್ಥಿತಿ ಇಡೀ ರಾತ್ರಿ, ಮರುದಿನವೂ. ಹೀಗಿರುವಾಗ ಹಿಕ್ಕೆ ನಿಂತದ್ದಕ್ಕೆ ಔಷಧವೇ ಕಾರಣ ಎಂದು ಹೇಗೆ ತೀರ್ಮಾನಿಸುವುದು? ನೋವೂ ಹಿಕ್ಕೆ ನಿಲ್ಲಿಸುತ್ತದೆ, ಔಷಧವೂ ನಿಲ್ಲಿಸುತ್ತದೆ. ಅರಿವಳಿಕೆ, ಆಸ್ಪತ್ರೆಯ ನಾಯಿಗಳ ಬೊಗಳು, ಕಾರಿನ ಪ್ರಯಾಣ, ತಣ್ಣಗಾದ ಮೈ ಕೂಡ. ಔಷಧವನ್ನು ಮಾತ್ರ ನಿಲ್ಲಿಸಿದರೆ ಉಳಿದವೆಲ್ಲ ಇದ್ದಲ್ಲೇ ಇರುತ್ತವೆ, ನೋವು ಮಾತ್ರ ಬೆಳೆಯುತ್ತದೆ.

ಮೊಲಕ್ಕೆ ನೋವಾಗಿದೆ ಎಂದು ತಿಳಿಯುವುದೇ ಕಷ್ಟ ಎಂಬುದು ಇಲ್ಲಿನ ದೊಡ್ಡ ತೊಡಕು. ನಾಯಿ ಕುಂಯ್‌ಗುಟ್ಟುತ್ತದೆ, ಬೆಕ್ಕು ಗುರುಗುಟ್ಟುತ್ತದೆ. ಬೇಟೆಯಾಗಿ ಬದುಕಿದ ಪ್ರಾಣಿ ಸದ್ದು ಮಾಡದೆ ಕೂರುತ್ತದೆ. ಬ್ರೆಜಿಲಿನಲ್ಲಿ ಮೂಳೆ ಶಸ್ತ್ರಚಿಕಿತ್ಸೆಯಾದ ಮೊಲಗಳನ್ನು ಕ್ಯಾಮೆರಾ ಇಟ್ಟು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಎತ್ತಿ ತೋರಿಸಿತು. ಎದುರಿಗೆ ಮನುಷ್ಯ ನಿಂತಿದ್ದಾಗ ಮೊಲಗಳು ನೋವಿನ ವರ್ತನೆಗಳನ್ನು ಕಡಿಮೆ ತೋರಿಸಿದವು. ಯಾರೂ ಇಲ್ಲದಾಗ ಅವು ಹೆಚ್ಚು ಕಂಡವು. ಪರೀಕ್ಷೆಯ ಮೇಜಿನ ಮೇಲೆ ‘ಆರಾಮಾಗಿ’ ಕೂತ ಮೊಲವನ್ನು ನೋಡಿ ನೋವಿಲ್ಲ ಎಂದು ಬರೆದ ಚೀಟಿಗಳು ಎಷ್ಟಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಮುಖದಲ್ಲಿ ಓದಲು ಸಾಧ್ಯ, ಆದರೆ ಕಲಿಯಬೇಕು. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಮೊಲದ ಮುಖದ ನೋವಿನ ಅಳತೆಗೋಲನ್ನು ಪ್ರಕಟಿಸಿತು. ಗುರುತಿಗಾಗಿ ಕಿವಿಗೆ ಹಚ್ಚೆ ಹಾಕುವಾಗ ಮರಗಟ್ಟಿಸುವ ಮುಲಾಮು ಹಚ್ಚಿದ ಮೊಲಗಳನ್ನೂ ಹಚ್ಚದವನ್ನೂ ಹೋಲಿಸಿ ತಯಾರಿಸಿದ ಅಳತೆ ಅದು. ನೋಡಬೇಕಾದವು ಐದು. ಕಣ್ಣು ಅರೆಮುಚ್ಚಿ ಬಿಗಿಯುತ್ತದೆ. ಉಬ್ಬಿರುವ ಕೆನ್ನೆ ಚಪ್ಪಟೆಯಾಗುತ್ತದೆ. ಮೂಗಿನ ಹೊಳ್ಳೆಯ ದುಂಡು ಹೋಗಿ ಚೂಪಾಗುತ್ತದೆ. ಮೀಸೆ ಸಡಿಲವಾಗಿ ಬಾಗದೆ ನೆಟ್ಟಗಾಗುತ್ತದೆ. ಕಿವಿಗಳು ಬಿಗಿಯಾಗಿ ಸುರುಳಿಗಟ್ಟಿ ಬೆನ್ನ ಕಡೆ ವಾಲುತ್ತವೆ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಮನೆಯಲ್ಲಿ ಗಮನಿಸಬಹುದಾದ ಇನ್ನೊಂದಿದೆ: ಹಲ್ಲು. ತಲೆ ಸವರಿದಾಗ ಮೊಲ ಸಣ್ಣಗೆ ಹಲ್ಲು ಉಜ್ಜುವುದು ಸುಖದ ಗುರುತು. ಮೂಲೆಯಲ್ಲಿ ಒಂಟಿಯಾಗಿ ಕೂತು ಗಟ್ಟಿಯಾಗಿ ಕಟಕಟ ಕಡಿಯುವುದು ನೋವಿನದು. ಕೈ ಹತ್ತಿರ ಹೋದರೆ ಎರಡೂ ಗೊಂದಲವಾಗುತ್ತವೆ, ಬಾಗಿಲ ಸಂದಿಯಿಂದ ನೋಡಬೇಕು.

ತೂಕಡಿಕೆಯೂ ನೋವೂ ಒಂದೇ ಥರ ಕಾಣುವ ಅಪಾಯವೂ ಇಲ್ಲಿದೆ. ಔಷಧದ ಮಂಪರಿನಲ್ಲಿರುವ ಮೊಲವೂ ಅರೆಗಣ್ಣಲ್ಲಿ ಕೂರುತ್ತದೆ. ಮಂಪರಿನ ಮೊಲ ಮೈ ಸಡಿಲಬಿಟ್ಟಿರುತ್ತದೆ, ಮೂಗಿನ ಬಳಿ ಸೊಪ್ಪು ಹಿಡಿದರೆ ನಿಧಾನವಾಗಿಯಾದರೂ ಮೂಸುತ್ತದೆ. ನೋವಿನ ಮೊಲ ಬೆನ್ನು ಗೂನುಮಾಡಿ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಳ್ಳುತ್ತದೆ, ಆಗಾಗ ಮೈ ಕೊಂಕಿಸುತ್ತದೆ. ಪೂರ್ತಿ ಭರವಸೆಯ ಗುರುತುಗಳೇನಲ್ಲ ಇವು, ಆದರೂ ರಾತ್ರಿ ಹನ್ನೊಂದಕ್ಕೆ ವೈದ್ಯರಿಗೆ ಫೋನ್ ಮಾಡಿದಾಗ ಹೇಳಲು ಏನಾದರೂ ಇರುತ್ತದೆ.

ಅರಿವಳಿಕೆಯ ಅಪಾಯದ ಅಂಕಿಅಂಶ ಇಲ್ಲಿ ಬೇಕಾಗುತ್ತದೆ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ನಡೆಸಿ 2008ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯೊಂದರಲ್ಲಿ ಅರಿವಳಿಕೆ ಪಡೆದ ನಾಯಿಗಳಲ್ಲಿ ಸತ್ತವು ಶೇ. 0.17, ಬೆಕ್ಕುಗಳಲ್ಲಿ ಶೇ. 0.24, ಮೊಲಗಳಲ್ಲಿ ಶೇ. 1.39. ಆರೋಗ್ಯವಂತ ಮೊಲಗಳನ್ನಷ್ಟೇ ತೆಗೆದುಕೊಂಡರೂ ಶೇ. 0.73, ಮೊದಲೇ ಕಾಯಿಲೆ ಬಿದ್ದಿದ್ದವುಗಳಲ್ಲಿ ಶೇ. 7.37. ಮೊಲದ ಮೇಲೆ ಕತ್ತರಿ ಇಡಲು ವೈದ್ಯರು ಹಿಂಜರಿಯುವುದು ಈ ಅಂಕಿಗಳನ್ನು ನೋಡಿದರೆ ಅರ್ಥವಾಗುತ್ತದೆ. ಆದರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಈ ಹಿಂಜರಿಕೆಯ ಹೊರೆ ಬಿದ್ದದ್ದು ನೋವು ನಿವಾರಕದ ಮೇಲೆ. ಸಾವಿನ ಅಪಾಯ ಹೆಚ್ಚಿರುವ ಪ್ರಾಣಿಗೆ ಎಲ್ಲ ಔಷಧವನ್ನೂ ಕಡಿಮೆ ಕೊಡೋಣ ಎನ್ನುವುದು ಎಚ್ಚರಿಕೆಯಂತೆ ತೋರುತ್ತದೆ. ಆ ಪ್ರಾಣಿ ಊಟಬಿಟ್ಟು ಸಾಯುವ ಜಾತಿಯದು ಎಂಬುದನ್ನು ಮರೆತರೆ ಮಾತ್ರ ಅದು ಎಚ್ಚರಿಕೆ.

ಇನ್ನೊಂದು ಕಡೆಯವರ ವಾದಕ್ಕೂ ಆಧಾರವಿದೆ, ಅದನ್ನು ಮುಚ್ಚಿಡಬಾರದು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗರ್ಭಕೋಶ ತೆಗೆದ ಮೊಲಗಳಲ್ಲಿ ಕೆಲವಕ್ಕೆ ಬ್ಯುಪ್ರೆನಾರ್ಫಿನ್, ಕೆಲವಕ್ಕೆ ಲಿಡೊಕೇನನ್ನು ಡ್ರಿಪ್ ಮೂಲಕ ನಿರಂತರವಾಗಿ ಕೊಟ್ಟರು. ಹಲ್ಲು ಕೀಳುವಾಗ ವಸಡಿಗೆ ಚುಚ್ಚುವ ಅದೇ ಲಿಡೊಕೇನ್. ಲಿಡೊಕೇನ್ ಪಡೆದ ಮೊಲಗಳು ಹೆಚ್ಚು ತಿಂದವು, ಹೆಚ್ಚು ಹಿಕ್ಕೆ ಹಾಕಿದವು. ಇದರಿಂದ ಕಲಿಯಬೇಕಾದದ್ದು ಬೇರೆ ದಾರಿಗಳಿವೆ ಎಂದು. ಕೊಯ್ಯುವ ಜಾಗವನ್ನು ಮೊದಲೇ ಮರಗಟ್ಟಿಸುವುದು, ಎರಡು ಬಗೆಯ ಔಷಧ ಸೇರಿಸಿ ಒಂದೊಂದರ ಪ್ರಮಾಣ ತಗ್ಗಿಸುವುದು, ಅಫೀಮಿನ ಕುಲದ್ದನ್ನು ಮೊದಲ ಒಂದೆರಡು ದಿನಕ್ಕೆ ಸೀಮಿತಗೊಳಿಸುವುದು. ಏನೂ ಕೊಡದೆ ಬಿಡಬಹುದು ಎಂದು ಆ ಅಧ್ಯಯನ ಎಲ್ಲಿಯೂ ಹೇಳುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಎರಡು ಬಣಗಳೂ ಹಟ ಹಿಡಿದಾಗ ಕಣ್ಣೆದುರಿನ ನಾಲ್ಕು ಕಾಲಿನ ಮೊಲವನ್ನು ನೋಡುವವರು ಇಲ್ಲವಾಗುತ್ತಾರೆ.

ನಮ್ಮ ದೇಶದಲ್ಲಿ ಸಮಸ್ಯೆಗೆ ಇನ್ನೊಂದು ಮುಖವಿದೆ. ಬೆಂಗಳೂರು, ಮೈಸೂರುಗಳ ಅಪಾರ್ಟ್‌ಮೆಂಟುಗಳಲ್ಲಿ ಮೊಲ ಸಾಕುವವರು ಹೆಚ್ಚಿದ್ದಾರೆ, ಆದರೆ ಪ್ರಬಲ ನೋವು ನಿವಾರಕಗಳು ಎಲ್ಲ ಕ್ಲಿನಿಕ್ಕುಗಳಲ್ಲೂ ಇರುವುದಿಲ್ಲ. ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ 1985ರ ಕಾಯ್ದೆಯಡಿ ಬ್ಯುಪ್ರೆನಾರ್ಫಿನ್ ನಿಯಂತ್ರಿತ ವಸ್ತು; 2018ರಲ್ಲಿ ಟ್ರಮಡಾಲ್ ಎಂಬ ಇನ್ನೊಂದು ನೋವು ನಿವಾರಕ ಕೂಡ ಆ ಪಟ್ಟಿ ಸೇರಿತು. ದುರುಪಯೋಗ ತಡೆಯಲು ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ದೇಶದಲ್ಲಿ ಕ್ಯಾನ್ಸರ್ ರೋಗಿಗಳಿಗೇ ಮಾರ್ಫಿನ್ ಸುಲಭಕ್ಕೆ ಸಿಗದೆ, 2014ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಮನುಷ್ಯರ ಗತಿಯೇ ಇದಾದಾಗ ಮೊಲದ ಸರದಿ ಬರುವುದು ಯಾವಾಗಲೋ.

ಟ್ರಮಡಾಲ್ ಸಿಕ್ಕರೂ ಮೊಲಕ್ಕೆ ಅದು ಹೆಚ್ಚು ಆಸರೆಯಲ್ಲ. 2008ರಲ್ಲಿ ಮೊಲಗಳಿಗೆ ಕಿಲೋಗೆ 11 ಮಿಲಿಗ್ರಾಂನಂತೆ ಬಾಯಿಂದ ಕೊಟ್ಟು ರಕ್ತ ಪರೀಕ್ಷಿಸಿದಾಗ, ಮನುಷ್ಯರಲ್ಲಿ ನೋವು ತಗ್ಗಿಸುವ ಮಟ್ಟಕ್ಕೆ ಔಷಧ ಏರಲೇ ಇಲ್ಲ.

ಹಾಗಾಗಿ ನಮ್ಮಲ್ಲಿ ಕೈಗೆ ಸಿಗುವುದು ಮೆಲಾಕ್ಸಿಕ್ಯಾಮ್ ಎಂಬ ನೋವು ನಿವಾರಕ. ಅದು ಇಷ್ಟು ಸುಲಭವಾಗಿ ಸಿಗುವುದರ ಹಿಂದೆ ರಣಹದ್ದುಗಳ ಕಥೆಯಿದೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಎಂಬ ನೋವು ನಿವಾರಕ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಭಾರತ ಸರ್ಕಾರ 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ನಿಲ್ಲಿಸಹೊರಟಾಗ ಬದಲಿಗೆ ಸುರಕ್ಷಿತ ಎಂದು ಸಿಕ್ಕಿದ್ದು ಮೆಲಾಕ್ಸಿಕ್ಯಾಮ್. ರಾಮನಗರದ ರಾಮದೇವರಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳನ್ನು ಉಳಿಸಲು ನಡೆದ ಹೋರಾಟದ ಔಷಧವೇ ಇಂದು ಬೆಂಗಳೂರಿನ ಮೊಲಗಳ ಚೀಟಿಯಲ್ಲೂ ಇದೆ.

ಅಫೀಮಿನ ಕುಲದ್ದಲ್ಲದ ಕಾರಣ ಮೆಲಾಕ್ಸಿಕ್ಯಾಮ್ ಕರುಳನ್ನು ಆ ರೀತಿ ನಿಲ್ಲಿಸುವುದಿಲ್ಲ. ಇದರ ತೊಂದರೆ ಬೇರೆ: ಜಠರದ ಒಳಪದರಕ್ಕೂ ಮೂತ್ರಪಿಂಡದ ರಕ್ತಸಂಚಾರಕ್ಕೂ ಬೇಕಾದ ರಾಸಾಯನಿಕಗಳನ್ನೂ ಇದು ತಗ್ಗಿಸುತ್ತದೆ. ನೀರು ಕುಡಿಯದೆ ಬತ್ತಿದ ಮೊಲಕ್ಕೆ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಆದರೆ ಹೆಚ್ಚು ಕಾಣುವ ತಪ್ಪು ಪ್ರಮಾಣದ್ದು. ನಾಯಿಗೆ ದಿನಕ್ಕೆ ಕಿಲೋಗೆ 0.1 ಮಿಲಿಗ್ರಾಂ ಕೊಡುವ ಲೆಕ್ಕವನ್ನೇ ಮೊಲಕ್ಕೂ ಹಾಕುತ್ತಾರೆ. ಮೊಲದ ಮೈ ಈ ಔಷಧವನ್ನು ಬೇಗ ಹೊರಹಾಕುವುದರಿಂದ ಅದರ ಹತ್ತುಪಟ್ಟು, ಅಂದರೆ ಕಿಲೋಗೆ 1 ಮಿಲಿಗ್ರಾಂ ಬೇಕಾಗಬಹುದು ಎಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಮೊಲಗಳಿಗೆ ಆ ಪ್ರಮಾಣವನ್ನು 29 ದಿನ ಕೊಟ್ಟರೂ ಗಂಭೀರ ತೊಂದರೆ ಕಾಣಲಿಲ್ಲ. ಈ ಅಂಕಿ ಇರುವುದು ಮನೆಯಲ್ಲಿ ಅಳೆದು ಹಾಕಲು ಅಲ್ಲ. ಬತ್ತಿದ ಮೊಲಕ್ಕೂ ಮುದಿ ಮೊಲಕ್ಕೂ ಲೆಕ್ಕ ಬದಲಾಗುತ್ತದೆ, ಅದನ್ನು ವೈದ್ಯರೇ ಹಾಕಬೇಕು. ಆದರೆ ‘ಏನೂ ಅಡ್ಡಪರಿಣಾಮ ಆಗಲಿಲ್ಲ’ ಎಂದು ಸಮಾಧಾನಪಡುವ ಮನೆಗಳಲ್ಲಿ ಕೆಲವೆಡೆ ಪರಿಣಾಮವೇ ಆಗಿರುವುದಿಲ್ಲ ಎಂಬುದನ್ನು ತಿಳಿದಿರಬೇಕು. ಮನುಷ್ಯರ ಗುಳಿಗೆಯನ್ನು ಕಾಲುಭಾಗ ಮಾಡಿ ಅರೆದು ಕುಡಿಸುವುದಂತೂ ಕೂಡದು.

ಔಷಧದ ಮೇಲೆ ಹೊರಿಸುವ ಮತ್ತೊಂದು ತಪ್ಪು ಆರೋಪವಿದೆ: ಕರುಳು ಕಟ್ಟಿಕೊಂಡದ್ದನ್ನೂ ಅದರ ಲೆಕ್ಕಕ್ಕೇ ಸೇರಿಸುವುದು. ಹಿಕ್ಕೆ ನಿಲ್ಲುವುದು ಕರುಳು ಸೋಮಾರಿಯಾದದ್ದರಿಂದಲೂ ಇರಬಹುದು, ಒತ್ತಿ ಉಂಡೆಯಾದ ಕೂದಲು ಸಣ್ಣ ಕರುಳಿನಲ್ಲಿ ಬಿರಡೆಯಂತೆ ಸಿಕ್ಕಿಕೊಂಡದ್ದರಿಂದಲೂ ಇರಬಹುದು. ಎರಡನೆಯದರಲ್ಲಿ ಕರುಳನ್ನು ತಳ್ಳುವ ಔಷಧ ಕೊಟ್ಟರೆ ಪ್ರಾಣಕ್ಕೇ ಕುತ್ತು. ಬ್ರಿಟನ್ನಿನ ವೈದ್ಯರು 2012ರಲ್ಲಿ ನೂರಾರು ಮೊಲಗಳ ರಕ್ತದ ಸಕ್ಕರೆ ನೋಡಿ ಒಂದು ಉಪಯುಕ್ತ ಸುಳಿವು ಕೊಟ್ಟರು. ಕರುಳು ಕಟ್ಟಿಕೊಂಡ ಮೊಲಗಳಲ್ಲಿ ಅದು ಡೆಸಿಲೀಟರಿಗೆ ಸರಾಸರಿ 445 ಮಿಲಿಗ್ರಾಂ ಆಸುಪಾಸು. ಕರುಳು ಬರೀ ನಿಧಾನವಾದವುಗಳಲ್ಲಿ 153 ಆಸುಪಾಸು. ಸಕ್ಕರೆ ಕಾಯಿಲೆಯವರ ಮನೆಯಲ್ಲಿರುವಂಥದೇ ಸಣ್ಣ ಯಂತ್ರ, ಕಿವಿಯ ಒಂದು ಹನಿ ರಕ್ತ. ಮೊಲ ನೋಡುವ ಯಾವ ಕ್ಲಿನಿಕ್ಕಿಗೂ ಇದು ಭಾರವಲ್ಲ.

ಹಾಗಾದರೆ ಆ ರಾತ್ರಿ ಮಾಡಬೇಕಾದದ್ದೇನು? ಅಡ್ಡಪರಿಣಾಮ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಅದಕ್ಕೆ ಸಿದ್ಧವಾಗಿರುವುದು. ಶಸ್ತ್ರಚಿಕಿತ್ಸೆಗೆ ಮುಂಚೆ ಮೊಲವನ್ನು ನಾಯಿಯಂತೆ ರಾತ್ರಿಯೆಲ್ಲ ಉಪವಾಸ ಕೆಡವಬೇಕಿಲ್ಲ. ವಾಂತಿಯ ಭಯವೇ ಇಲ್ಲದ ಪ್ರಾಣಿ. ಆಸ್ಪತ್ರೆಯಿಂದ ಹೊರಡುವ ಮುನ್ನ ಚರ್ಮದಡಿ ಸಲೈನ್ ಬೇಕೇ, ಕರುಳಿಗೆ ಚುರುಕು ಕೊಡುವ ಔಷಧ ಬೇಕೇ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿಕೊಳ್ಳಬೇಕು. ಮನೆಯಲ್ಲಿ ಬೆಚ್ಚಗಿನ ಜಾಗ ಬೇಕು. ಹೊಲಿಗೆ ಎಳೆಯದಂತೆ ನಾಲ್ಕು ಹೆಜ್ಜೆ ಓಡಾಡಲು ಬಿಡಬೇಕು. ಜೊತೆಗಾರ ಮೊಲವಿದ್ದರೆ ಪಕ್ಕದಲ್ಲಿರಲಿ.

ಮುಖ್ಯವಾದದ್ದು ಕೈತುತ್ತು. ಹುಲ್ಲಿನ ನಾರಿನಿಂದ ಮಾಡಿದ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗಂಜಿಯಂತೆ ಕಲಸಿ, ತುದಿ ಅಗಲಿಸಿದ ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿಕೊಳ್ಳಬೇಕು. ಮೊಲವನ್ನು ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿ, ಅಂಗಾತ ಮಲಗಿಸದೆ ಕೂತ ಭಂಗಿಯಲ್ಲೇ ಹಿಡಿಯಬೇಕು. ಬಾಚಿಹಲ್ಲಿನ ಹಿಂದೆ ಕೆನ್ನೆಯ ಬದಿಯಲ್ಲಿ ಹಲ್ಲಿಲ್ಲದ ಒಂದು ಸಂದಿ ಇರುತ್ತದೆ. ಸಿರಿಂಜಿನ ತುದಿ ಅಲ್ಲಿ ಸುಲಭವಾಗಿ ಒಳಸೇರುತ್ತದೆ. ಅರ್ಧ ಮಿಲಿಲೀಟರ್ ಬಿಟ್ಟು ನಿಲ್ಲಬೇಕು. ದವಡೆ ಅಡ್ಡಡ್ಡ ಆಡಿ, ಗಂಟಲು ಇಳಿದದ್ದು ಕಂಡ ಮೇಲೆ ಇನ್ನರ್ಧ. ಅವಸರಪಟ್ಟರೆ ಶ್ವಾಸನಾಳಕ್ಕೆ ಹೋಗುತ್ತದೆ. ಕರುಳು ಕಟ್ಟಿಕೊಂಡಿರುವ ಅನುಮಾನವಿದ್ದರೆ, ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ಒಂದು ಹನಿಯನ್ನೂ ಕೊಡದೆ ಆಸ್ಪತ್ರೆಗೆ ಓಡಬೇಕು.

ನಂತರ ಒಂದು ಹಾಳೆ. ಎಷ್ಟು ಗಂಟೆಗೆ ಯಾವ ಔಷಧ, ಎಷ್ಟು ಮಿಲಿಲೀಟರ್ ಗಂಜಿ, ಎಷ್ಟು ಹಿಕ್ಕೆ, ಯಾವ ಗಾತ್ರ ಎಂದು ಬರೆದಿಡುವುದು. ಔಷಧದ ನಂತರವೇ ಪ್ರತಿಸಲ ಹಿಕ್ಕೆ ಇಳಿಯುತ್ತಿದೆಯೇ, ಔಷಧದ ಪ್ರಭಾವ ಮುಗಿಯುವ ಹೊತ್ತಿಗೆ ಊಟ ಬಿಡುತ್ತಿದೆಯೇ ಎಂದು ಆ ಹಾಳೆ ತೋರಿಸುತ್ತದೆ. ಮೊದಲನೆಯದಾದರೆ ವೈದ್ಯರು ಪ್ರಮಾಣ ತಗ್ಗಿಸಬಹುದು, ಔಷಧ ಬದಲಿಸಬಹುದು. ಎರಡನೆಯದಾದರೆ ಮೊಲಕ್ಕೆ ಬೇಕಾದದ್ದು ಇನ್ನೂ ಹೆಚ್ಚು ನೋವು ನಿವಾರಣೆ. ಹಾಳೆಯಿಲ್ಲದೆ ಎರಡೂ ಒಂದೇ ಥರ ಕಾಣುತ್ತವೆ: ಸೊಪ್ಪು ಮುಟ್ಟದ ಮೊಲ, ಖಾಲಿ ಟ್ರೇ.

ಮರುದಿನ ಬೆಳಗಿನ ಜಾವ ಟ್ರೇಯ ಮೂಲೆಯಲ್ಲಿ ಮೊದಲ ನಾಲ್ಕೈದು ಹಿಕ್ಕೆ ಬಿದ್ದಾಗ ಅವು ಸಾಸಿವೆಗಿಂತ ತುಸು ದೊಡ್ಡವಿರುತ್ತವೆ, ವಕ್ರವಾಗಿ, ಕಪ್ಪಗೆ, ಕೆಲವು ಕೂದಲಿನ ಎಳೆಗೆ ಪೋಣಿಸಿದಂತೆ. ಹಾಳೆಯಲ್ಲಿ ಅದನ್ನೂ ಬರೆಯಬೇಕು, ಗಂಟೆ ಸಮೇತ. ಎರಡನೆಯ ಡೋಸ್ ಹಾಕಿಸಲು ಕ್ಲಿನಿಕ್ಕಿಗೆ ಹೊರಟಾಗ ಮೊಲದ ಬುಟ್ಟಿಯ ಜೊತೆ ಆ ಹಾಳೆಯನ್ನೂ ಒಯ್ಯಬೇಕು.